ಒಕ್ಕದ ವಂಶವೃಕ್ಷ ಬರೆಯುವುದು ಹೇಗೆ?

‘ನಮ್ಮ ವಂಶವೃಕ್ಷ ಮಾಡಿಸಬೇಕಿತ್ತು, ಎಲ್ಲಿ ಕೇಳಬೇಕು?’ ಎಂದು ಯಾರಾದರೂ ವಿಚಾರಿಸಿದರೆ, ‘ಯಾವ ವಂಶವೃಕ್ಷ?’ ಎಂದು ಮೊದಲು ಕೇಳಬೇಕಾಗುತ್ತದೆ. ಏಕೆಂದರೆ ಕೊಡಗಿನಲ್ಲಿ ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ. ಒಂದು ನಾಡಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರ. ಇನ್ನೊಂದು ಒಕ್ಕದ ಮೂಲಪುರುಷನಿಂದ ಇಂದಿನ ಮೊಮ್ಮಕ್ಕಳವರೆಗಿನ ದೊಡ್ಡ ವಂಶಾವಳಿ. ಮೊದಲನೆಯದನ್ನು ಸರ್ಕಾರ ಕೊಡುತ್ತದೆ. ಎರಡನೆಯದನ್ನು ಯಾವ ಕಚೇರಿಯೂ ಕೊಡುವುದಿಲ್ಲ, ಮನೆಯವರೇ ಕೂತು ಬರೆಯಬೇಕು.

ಪ್ರಮಾಣಪತ್ರದ ವಿಷಯ ಮೊದಲು ಮುಗಿಸೋಣ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಇದು ಬೇಕು. ಅರ್ಜಿಯನ್ನು ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ, ಅಟಲ್‌ಜೀ ಜನಸ್ನೇಹಿ ಕೇಂದ್ರದ ಕೌಂಟರಿನಲ್ಲಿ ಕೊಡಬೇಕು. ಜೊತೆಗೆ ಮರಣ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ ಮತ್ತು ಮನೆಯ ಸದಸ್ಯರ ಹೆಸರುಗಳನ್ನೆಲ್ಲ ಬರೆದ ನೋಟರಿ ಅಫಿಡವಿಟ್ ಇಟ್ಟುಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಇನ್ನೂ ವಿಎ ಎಂದೇ ಕರೆಯುವವರು, ಊರಿನಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಅದು ಕಂದಾಯ ನಿರೀಕ್ಷಕರ ಕೈ ದಾಟಿ ಉಪ ತಹಶೀಲ್ದಾರರ ಬಳಿಗೆ ಹೋಗುತ್ತದೆ. ಶುಲ್ಕ ಅಲ್ಪ, ರಸೀದಿ ತಪ್ಪದೆ ಪಡೆಯಿರಿ. ಅರ್ಜಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು ಅದರ ಮೇಲಿನ ಸಂಖ್ಯೆಯೇ ಬೇಕು.

ಇಲ್ಲಿ ಒಂದು ಎಚ್ಚರ. ಈ ಪ್ರಮಾಣಪತ್ರ ಯಾರು ಯಾರ ಮಕ್ಕಳು ಎಂದು ಹೇಳುತ್ತದೆಯೇ ಹೊರತು, ಯಾರಿಗೆ ಎಷ್ಟು ಪಾಲು ಎಂದು ಹೇಳುವುದಿಲ್ಲ. ತಕರಾರು ಬಂದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಇನ್ನು, ‘ಮದುವೆಯಾಗಿ ಹೋದವರಲ್ವಾ’ ಎಂದು ಹೆಣ್ಣುಮಕ್ಕಳ ಹೆಸರು ಬಿಟ್ಟು ಅಫಿಡವಿಟ್ ಬರೆಸುವವರು ಇದ್ದಾರೆ. ಅದು ಸುಳ್ಳು ಪ್ರಮಾಣ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಮೇಲೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಮಗನಂತೆಯೇ ಹಕ್ಕುದಾರಳು. ಮುಂದೆ ಹೇಳಲಿರುವ ಜಮ್ಮಾ ಜಮೀನಿನ ವಿಷಯದಲ್ಲಿ ಬೇರೆ ಸೂಕ್ಷ್ಮಗಳೂ ಇವೆ, ಅದಕ್ಕೆ ವಕೀಲರನ್ನು ಕೇಳುವುದೇ ಒಳ್ಳೆಯದು.

ಈಗ ದೊಡ್ಡ ವಂಶಾವಳಿಗೆ ಬರೋಣ.

ಒಕ್ಕ ಎಂದರೆ ಒಬ್ಬ ಮೂಲಪುರುಷನಿಂದ ಗಂಡು ಸಂತಾನದ ಮೂಲಕ ಬಂದ ಕುಟುಂಬಗಳ ಗುಂಪು. ಅದಕ್ಕೊಂದು ಮನೆಹೆಸರು, ಮೂಲಮನೆಯಾಗಿ ಒಂದು ಐನ್‌ಮನೆ, ಕಾರಣನನ್ನು ಅಂದರೆ ಮೂಲಪುರುಷನನ್ನು ನೆನೆಯುವ ಒಂದು ಕೈಮಡ, ಯಜಮಾನನಾಗಿ ಒಬ್ಬ ಪಟ್ಟೆದಾರ. ಒಂದೇ ಒಕ್ಕದೊಳಗೆ ಮದುವೆ ಇಲ್ಲ. ಈ ಏರ್ಪಾಡು ಕೊಡವರದ್ದು ಮಾತ್ರವೇ ಎಂದು ಕೇಳಬಹುದು. ಅಲ್ಲ. ಅರೆಭಾಷೆ ಗೌಡರಲ್ಲೂ ಐನ್‌ಮನೆಗಳಿವೆ, ಕುಟುಂಬದ ಹೆಸರುಗಳಿವೆ. ಅಮ್ಮಕೊಡವರು, ಹೆಗ್ಗಡೆಯವರು, ಐರಿಗಳು, ಕೊಡವ ಮಾಪಿಳ್ಳೆಗಳು ಇವರೆಲ್ಲರಲ್ಲೂ ಮನೆಹೆಸರು ಹಿಡಿದು ಹಿಂದಕ್ಕೆ ಹೋಗುವ ದಾರಿ ಇದೆ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅವರಿಗೂ ಸಲ್ಲುತ್ತದೆ.

ಮನೆಹೆಸರು ನಮ್ಮ ದೊಡ್ಡ ಅನುಕೂಲ. ಬೇರೆ ಕಡೆ ಊರಿನ ಹೆಸರೋ ತಂದೆಯ ಹೆಸರೋ ಇನಿಷಿಯಲ್ ಆಗಿ ಪ್ರತಿ ತಲೆಮಾರಿಗೂ ಬದಲಾಗುತ್ತದೆ. ನಮ್ಮಲ್ಲಿ ಒಕ್ಕದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದರೆ ಕೊಡಂದೇರ ಒಕ್ಕದ ಮಾದಪ್ಪನವರ ಮಗ ಕಾರ್ಯಪ್ಪ. ಒಂದೇ ಹೆಸರಿನಲ್ಲಿ ಎರಡು ತಲೆಮಾರು ಸಿಕ್ಕಿತು. ಆದರೆ ದಾಖಲೆಯಲ್ಲಿ ಇದು ಕೆ.ಎಂ. ಎಂದು ಎರಡಕ್ಷರವಾಗಿಬಿಡುತ್ತದೆ. ‘ಕೆ’ ಅಕ್ಷರದಿಂದ ಶುರುವಾಗುವ ಒಕ್ಕಗಳು ಎಷ್ಟಿಲ್ಲ! ಕಾಗುಣಿತದ ತೊಡಕು ಬೇರೆ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಹೆಸರಿನ ಮೊದಲಿಗೂ ಇರುವುದು ಕೊಡಂದೇರ ಎಂದೇ. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಕಾರ್ಯಪ್ಪನವರ ಮನೆಹೆಸರಿನ ನಡುವೆ ‘ಎ’ ಅಕ್ಷರ, ತಿಮ್ಮಯ್ಯನವರದ್ದರಲ್ಲಿ ‘ಇ’ ಅಕ್ಷರ ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ನಿಮ್ಮ ಮನೆಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟನ್ನೂ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕೆಲಸ ಶುರುಮಾಡುವುದು ಕಚೇರಿಯಿಂದಲ್ಲ, ಮನೆಯ ಹಿರಿಯರಿಂದ. ದಾಖಲೆ ಮುಂದಿನ ವರ್ಷವೂ ಕಪಾಟಿನಲ್ಲಿರುತ್ತದೆ. ತೊಂಬತ್ತು ದಾಟಿದ ಅಜ್ಜಿಯ ನೆನಪು ಇರುತ್ತದೆ ಎಂದು ಹೇಳಲಾಗದು. ಪುತ್ತರಿಗೋ ಕೈಲ್‌ಪೊಳ್ದ್‌ಗೋ ಎಲ್ಲರೂ ಐನ್‌ಮನೆಗೆ ಬಂದಾಗ, ಅಥವಾ ಕಾರಣಂಗ್ ಕೊಡುವ, ಅಂದರೆ ಕಾರಣನಿಗೆ ಎಡೆ ಇಡುವ ದಿನ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ‘ನಿಮ್ಮ ತಾತನ ತಂದೆಯ ಹೆಸರೇನು?’ ಎಂದು ನೇರವಾಗಿ ಕೇಳಿದರೆ ಹೆಚ್ಚಿನವರು ತಡಬಡಾಯಿಸುತ್ತಾರೆ. ‘ನೀವು ಚಿಕ್ಕವರಿದ್ದಾಗ ಐನ್‌ಮನೆಯ ಯಾವ ಕೋಣೆಯಲ್ಲಿ ಯಾರಿದ್ದರು? ಯಾವ ಗದ್ದೆ ಯಾರು ಮಾಡುತ್ತಿದ್ದರು? ಯಾರ ಮದುವೆಗೆ ಯಾವ ಊರಿಗೆ ದಿಬ್ಬಣ ಹೋಯಿತು?’ ಎಂದು ಕೇಳಿ. ಕೋಣೆಯ ಹಿಂದೆ, ಗದ್ದೆಯ ಹಿಂದೆ, ಹೆಸರುಗಳು ತಾವಾಗಿ ಬರುತ್ತವೆ.

ಇಬ್ಬರನ್ನು ಜನ ಕೇಳಲು ಮರೆಯುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಒಬ್ಬರು. ತಾಮನೆಯ, ಅಂದರೆ ತವರಿನ, ವಿಷಯದಲ್ಲಿ ಅವರ ನೆನಪು, ಅಲ್ಲೇ ಉಳಿದ ಗಂಡಸರಿಗಿಂತ ಎಷ್ಟೋ ಸಲ ಗಟ್ಟಿ. ಇನ್ನೊಬ್ಬರು ಅರುವ. ಪ್ರತಿ ಒಕ್ಕಕ್ಕೂ ಬೇರೆ ಒಕ್ಕದ ಅರುವ ಇರುತ್ತಾರೆ, ಆ ನಂಟು ತಲೆಮಾರಿನಿಂದ ಬಂದದ್ದು. ಮದುವೆಯಲ್ಲಿ ‘ಸಂಬಂಧ’ ಕೊಡುವ ಶಾಸ್ತ್ರದಲ್ಲಿ ಎರಡೂ ಕಡೆಯ ಅರುವರು ಎದುರುಬದುರು ನಿಂತು, ಹೆಣ್ಣಿಗೆ ಗಂಡನ ಮನೆಯಲ್ಲಿ ಸಲ್ಲುವ ಹಕ್ಕುಗಳಿಗೆ ಮಾತು ಕೊಡುತ್ತಾರೆ, ಮಾತು ಪಡೆಯುತ್ತಾರೆ. ಹೀಗಾಗಿ ನಿಮ್ಮ ಮನೆಯ ಹಳೆಯ ಮದುವೆಗಳ ನೆನಪು ಅರುವರ ಮನೆಯಲ್ಲೂ ಉಳಿದಿರುತ್ತದೆ. ನಿಮ್ಮಲ್ಲಿ ಮರೆತುಹೋದ ಹೆಸರು ಅಲ್ಲಿ ಸಿಕ್ಕೀತು.

ಬರೆಯುವಾಗ ಮರದ ಚಿತ್ರ ಬಿಡಿಸಲು ಹೋಗಬೇಡಿ. ನಾಲ್ಕು ತಲೆಮಾರು ದಾಟುವಷ್ಟರಲ್ಲಿ ಹಾಳೆ ಸಾಲದಾಗುತ್ತದೆ. ಸಂಖ್ಯೆ ಕೊಡುವ ಪದ್ಧತಿ ಸುಲಭ. ಮೂಲಪುರುಷನಿಗೆ 1. ಅವನ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ 1.1, 1.2, 1.3. ಎರಡನೆಯವನ ಮೂರನೆಯ ಮಗುವಿಗೆ 1.2.3. ಒಂದು ಸಾಲು ಹೀಗಿರಲಿ: ‘1.2.3 ಮುತ್ತಮ್ಮ. ಜನನ ಸುಮಾರು 1890. ಮದುವೆ ಯಾವ ಒಕ್ಕಕ್ಕೆ, ಯಾವ ಊರು. ಮಕ್ಕಳು ನಾಲ್ವರು. ಹೇಳಿದವರು ಯಾರು, ಯಾವ ದಿನ.’ ಕೊನೆಯ ಮಾತು ಬಹಳ ಮುಖ್ಯ. ಯಾರು ಹೇಳಿದ್ದು ಎಂದು ಬರೆಯದ ಹೆಸರನ್ನು ಹತ್ತು ವರ್ಷದ ಮೇಲೆ ಯಾರೂ ಪರೀಕ್ಷಿಸಲಾರರು. ಈ ಸಂಖ್ಯೆಗಳಿಂದ ಇನ್ನೊಂದು ಲಾಭವಿದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಒಂದೇ ಒಕ್ಕದಲ್ಲಿ ಐದಾರು ಮಂದಿ ಪೂವಯ್ಯ ಇರುತ್ತಾರೆ. ಸಂಖ್ಯೆ ಇದ್ದರೆ ಒಬ್ಬ ಪೂವಯ್ಯ ಇನ್ನೊಬ್ಬನ ಜಾಗದಲ್ಲಿ ಕೂರುವುದಿಲ್ಲ.

ನೆನಪು ಹೇಳಿದ್ದನ್ನು ದಾಖಲೆಗೆ ತಾಳೆ ನೋಡುವುದು ಮುಂದಿನ ಹೆಜ್ಜೆ. ಕೊಡಗಿನಲ್ಲಿ ಇದಕ್ಕೆ ಜಮ್ಮಾ ಜಮೀನಿನ ಕಾಗದಗಳಷ್ಟು ಒಳ್ಳೆಯ ಆಧಾರ ಬೇರೆ ಇಲ್ಲ. ಜಮ್ಮಾ ಎಂದರೆ ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಸಾಗು ಎಂಬ ಸಾಮಾನ್ಯ ಹಿಡುವಳಿಗೆ ಇದ್ದ ಕಂದಾಯದ ಅರ್ಧವಷ್ಟೇ ಇದಕ್ಕೆ ಇತ್ತು, ಗದ್ದೆಯ ಜೊತೆಗೆ ಬಾಣೆಯೂ, ಅಂದರೆ ಅದಕ್ಕೆ ಅಂಟಿದ ಗುಡ್ಡದ ಕಾಡೂ, ಸೇರಿತ್ತು. ಜಮೀನು ಒಬ್ಬನದ್ದಲ್ಲ, ಒಕ್ಕದ್ದು. ದಾಖಲೆಯಲ್ಲಿ ಪಟ್ಟೆದಾರನ ಹೆಸರು ಮುಂದೆ, ಉಳಿದವರ ಹೆಸರು ಅವನ ಹಿಂದೆ. ಒಬ್ಬ ಪಟ್ಟೆದಾರ ತೀರಿಕೊಂಡು ಇನ್ನೊಬ್ಬ ಬಂದಾಗಲೆಲ್ಲ ಹೆಸರು ಬದಲಾಗುತ್ತಿತ್ತು. ಹೊರಗಿನವರ ಕಣ್ಣಿಗೆ ಗೋಜಲಾಗಿ ಕಾಣುವ ಆ ಪಟ್ಟಿಯೇ ನಮಗೆ ತಲೆಮಾರುಗಳ ಪಟ್ಟಿ.

ಹೇಗೆ ಪಡೆಯುವುದು? ಮೊದಲು ಇಂದಿನ ಪಹಣಿಯನ್ನು, ಅಂದರೆ ಆರ್‌ಟಿಸಿಯನ್ನು, ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ನೋಡಿ. ನೋಡಲು ಹಣ ಬೇಡ, ಸಹಿ ಇರುವ ಪ್ರತಿಗೆ ಮಾತ್ರ ಶುಲ್ಕ. ಅದರಿಂದ ಸರ್ವೆ ನಂಬರ್ ಗುರುತು ಹಾಕಿಕೊಳ್ಳಿ. ಆಮೇಲೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅದೇ ಸರ್ವೆ ನಂಬರಿನ ಕೈಬರಹದ ಹಳೆಯ ಪಹಣಿ, ಜಮಾಬಂದಿ ನಕಲು ಮತ್ತು ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ಪುಸ್ತಕ, ಇವುಗಳಿಗೆ ಅರ್ಜಿ ಕೊಡಿ. ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಮ್ಯುಟೇಶನ್ ಪುಸ್ತಕ ಎನ್ನುತ್ತೇನೆ. ಇಂಥವರು ತೀರಿಕೊಂಡ ಕಾರಣ ಇಂಥ ಮಕ್ಕಳ ಹೆಸರಿಗೆ ಎಂದು ಸಂಬಂಧ ಸಹಿತ ಬರೆದಿರುವುದು ಅದರಲ್ಲೇ. ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಅರ್ಜಿಯಲ್ಲಿ ಗ್ರಾಮ, ನಾಡು, ಸರ್ವೆ ನಂಬರ್, ಅಂದಾಜು ವರ್ಷ ನಾಲ್ಕೂ ಇರಲಿ. ‘ನಮ್ಮ ಒಕ್ಕದ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಯಾರಿಗೂ ಹುಡುಕಲಾಗದು.

ಭಾಗ ಪತ್ರ, ಕ್ರಯ ಪತ್ರಗಳು ಉಪನೋಂದಣಾಧಿಕಾರಿ ಕಚೇರಿಯಲ್ಲಿರುತ್ತವೆ. ಭಾಗ ಪತ್ರದ ಮೊದಲ ಪುಟಗಳಲ್ಲಿ ಕುಟುಂಬದ ವಿವರ ಇದ್ದೇ ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಮತದಾರರ ಪಟ್ಟಿ, ಸೈನ್ಯದ ಪಿಂಚಣಿ ಕಾಗದ ಇವೂ ಉಪಯೋಗಕ್ಕೆ ಬರುತ್ತವೆ. ಕೋವಿಯ ವಿನಾಯಿತಿ ಪತ್ರವನ್ನು ಮರೆಯಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹಳೆಯ ವಿನಾಯಿತಿ ಪತ್ರ ಮನೆಯಲ್ಲಿದ್ದರೆ ಅದರಲ್ಲಿರುವ ಹೆಸರು ಮತ್ತು ದಿನಾಂಕ ಬರೆದುಕೊಳ್ಳಿ.

‘ಇಷ್ಟೆಲ್ಲ ಮಾಡಿದರೆ ಎಲ್ಲಿಯವರೆಗೆ ಹೋಗಬಹುದು?’ ಕಾಗದದ ಆಧಾರ ಸಾಮಾನ್ಯವಾಗಿ ಕೊಡಗಿನ ಅರಸ ಲಿಂಗರಾಜೇಂದ್ರನ ಕಾಲದ ಆಚೆ ಸುಲಭವಾಗಿ ಹೋಗುವುದಿಲ್ಲ. 1811ರಿಂದ 1820ರವರೆಗೆ ಆಳಿದ ಅವನು ಜಮೀನು ಅಳೆಸಿ ಕಂದಾಯ ಗೊತ್ತುಮಾಡಿದ. ಆ ಲೆಕ್ಕವನ್ನೇ ಶಿಸ್ತು ಎನ್ನುತ್ತಾರೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು ಅದರ ಮೇಲೆಯೇ ತಮ್ಮ ವ್ಯವಸ್ಥೆ ಕಟ್ಟಿದರು. ಅದಕ್ಕೂ ಹಿಂದೆ ದೊಡ್ಡ ಕಂದಕವಿದೆ. 1785ರಲ್ಲಿ ಟಿಪ್ಪುವಿನ ಸೈನ್ಯ ಕೊಡಗಿನ ಕುಟುಂಬಗಳನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಎಷ್ಟು ಮಂದಿ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಹಲವು ಮನೆಗಳು ಬರಿದಾದವು, ತಪ್ಪಿಸಿಕೊಂಡು ಬಂದವರು ಹೊಸದಾಗಿ ನೆಲೆ ಕಂಡುಕೊಂಡರು. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ, ಶಿಸ್ತಿನ ಕಾಲದಿಂದ ಇಂದಿಗೆ ಏಳೆಂಟು ತಲೆಮಾರು. ನಿಮ್ಮ ಪಟ್ಟಿಯಲ್ಲಿ ಅಷ್ಟೇ ಅವಧಿಗೆ ಹದಿನೈದು ತಲೆಮಾರು ಬಂದಿದ್ದರೆ ಅಣ್ಣತಮ್ಮಂದಿರನ್ನು ತಂದೆ ಮಕ್ಕಳೆಂದು ಬರೆದಿದ್ದೀರಿ ಎಂದರ್ಥ.

ಇನ್ನೊಂದು ಕಡೆ ಹಾದಿ ತಪ್ಪುತ್ತದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಕ್ಕದಲ್ಲಿ ಗಂಡು ಸಂತಾನ ನಿಂತುಹೋಗುವ ಸ್ಥಿತಿ ಬಂದಾಗ ನಮ್ಮ ಹಿರಿಯರು ಸುಮ್ಮನೆ ಕೂರಲಿಲ್ಲ. ಒಕ್ಕಪರಿಜೆ ಮದುವೆಯಲ್ಲಿ ಗಂಡನೇ ಹೆಂಡತಿಯ ಒಕ್ಕಕ್ಕೆ ಸೇರಿ ಅವಳ ಮನೆಹೆಸರು ಪಡೆಯುತ್ತಿದ್ದ, ಮಕ್ಕಳೂ ಆ ಒಕ್ಕದವರೇ. ಮಕ್ಕಪರಿಜೆಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿಯುತ್ತಿದ್ದ, ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಈ ಪದ್ಧತಿಗಳನ್ನು ವಿವರಿಸಿದ್ದಾರೆ. ಹಾಗಾಗಿ ಒಂದು ತಲೆಮಾರಿನಲ್ಲಿ ತಂದೆಯ ಒಕ್ಕ ಒಂದು, ಮಗನ ಒಕ್ಕ ಇನ್ನೊಂದು ಎಂದು ಕಂಡರೆ ದಾಖಲೆ ತಪ್ಪು ಎಂದು ಹೊಡೆದುಹಾಕಬೇಡಿ. ಅಲ್ಲಿ ಒಬ್ಬ ಮಗಳು ಮನೆಯ ಹೆಸರನ್ನು ಉಳಿಸಿರಬಹುದು. ಅಂಥ ಮಗಳ ಹೆಸರೇ ಪಟ್ಟಿಯಲ್ಲಿ ಇಲ್ಲದ ವಂಶಾವಳಿಗಳು ನಮ್ಮಲ್ಲಿ ಇವೆ. ‘ಸಂತತಿ ಇಲ್ಲ’ ಎಂದು ಬರೆದು ಕೈಬಿಟ್ಟ ಕೊಂಬೆಯಲ್ಲಿ ಮೂವರು ಹೆಣ್ಣುಮಕ್ಕಳೂ ಅವರ ಹನ್ನೆರಡು ಮಕ್ಕಳೂ ಇರಬಹುದು. ಅದನ್ನು ಸರಿಪಡಿಸಲು ಇದೇ ಸಮಯ. ಹೆಣ್ಣುಮಕ್ಕಳನ್ನು ಬರೆಯಿರಿ, ಅವರು ಹೋದ ಒಕ್ಕವನ್ನು ಬರೆಯಿರಿ, ಸೊಸೆಯಂದಿರ ತಾಮನೆಯನ್ನೂ ಬರೆಯಿರಿ.

ಹೆಣ್ಣಿನ ಕಡೆಯಿಂದ ಹುಡುಕುವುದು ಎಷ್ಟು ಕಷ್ಟ, ಆದರೂ ಹೇಗೆ ಸಾಧ್ಯ ಎಂಬುದಕ್ಕೆ ಕೊಡಗನ್ನು ಆಳಿದ ಹಾಲೇರಿ ರಾಜಮನೆತನವೇ ಸಾಕ್ಷಿ. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದೊಯ್ದ. 1852ರಲ್ಲಿ ಆಕೆಗೆ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಮುಂದೆ ಗೌರಮ್ಮ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು, 1861ರಲ್ಲಿ ಮಗಳು ಈಡಿತ್ ಹುಟ್ಟಿದಳು, 1864ರಲ್ಲಿ ಗೌರಮ್ಮ ತೀರಿಕೊಂಡಳು. ಈಡಿತ್ ಬೆಳೆದು ಯಾರ್ಡ್ಲಿ ಮನೆತನದ ಸೊಸೆಯಾದಳು. ಹಾಲೇರಿ, ಕ್ಯಾಂಪ್‌ಬೆಲ್, ಯಾರ್ಡ್ಲಿ. ಮೂರು ತಲೆಮಾರಿಗೆ ಮೂರು ಮನೆಹೆಸರು. ಗಂಡಸರ ಪಟ್ಟಿ ಮಾತ್ರ ಹಿಡಿದು ಹೊರಟವರಿಗೆ ಈ ಎಳೆ ಸಿಗುವುದೇ ಇಲ್ಲ. ಸಿ.ಪಿ. ಬೆಳ್ಳಿಯಪ್ಪನವರು ಈ ಎಳೆಯನ್ನು ಹಿಡಿದು ಗೌರಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ.

ಇಂಗ್ಲೆಂಡಿನಲ್ಲಿ ಇಂಥ ಹುಡುಕಾಟ ಸುಲಭವಾಗಲು ಕಾರಣವಿದೆ. ಎಂಟನೆಯ ಹೆನ್ರಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲೇ ಪ್ರತಿ ಚರ್ಚೂ ದೀಕ್ಷೆ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದ. ಹೆನ್ರಿಯ ಟ್ಯೂಡರ್ ಮನೆತನದ ಕಾಲದಲ್ಲೇ ಅರಮನೆಯ ಅಧಿಕಾರಿಗಳು ಜಿಲ್ಲೆ ಜಿಲ್ಲೆಗೆ ಹೋಗಿ ಜಮೀನುದಾರ ಮನೆತನಗಳ ವಂಶಾವಳಿ ಕೇಳಿ ಬರೆದುಕೊಂಡರು. 1837ರಿಂದ ಜನನ ಮರಣಗಳ ಸರ್ಕಾರಿ ನೋಂದಣಿ, 1841ರಿಂದ ಮನೆಮನೆಯ ಹೆಸರು ಸಹಿತ ಜನಗಣತಿ. ನಮ್ಮಲ್ಲಿ ಜನಗಣತಿ ಇದ್ದರೂ ಅದರಲ್ಲಿ ಯಾರ ಹೆಸರನ್ನೂ ನೋಡಲು ಸಿಗುವುದಿಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೇ ನಮಗೆ ಜಮೀನಿನ ಕಾಗದ ಅಷ್ಟು ಮುಖ್ಯ.

ಕೊಡಗಿನಲ್ಲಿದ್ದ ಯುರೋಪಿಯನ್ ತೋಟಗಾರರ ಅಥವಾ ಕ್ರೈಸ್ತ ಕುಟುಂಬಗಳ ಮೂಲ ಹುಡುಕುವವರಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು ದಾರಿ. ಬ್ರಿಟಿಷ್ ಭಾರತದ ಕುಟುಂಬಗಳ ಹುಡುಕಾಟಕ್ಕೆಂದೇ ಇರುವ ಫಿಬಿಸ್ ಸಂಸ್ಥೆಯ ಸೂಚಿಯನ್ನು ಮನೆಯಿಂದಲೇ ಬಿಟ್ಟಿಯಾಗಿ ನೋಡಬಹುದು.

ಪುಸ್ತಕಗಳ ಪೈಕಿ ಮೂರು ಹೆಸರು ನೆನಪಿಡಿ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರದ್ದು. ಕೊಡವರ ಹಾಡು ಮತ್ತು ಪದ್ಧತಿಗಳ ಸಂಗ್ರಹ. ಜಾನಪದ ಹಾಡುಗಳಲ್ಲಿ ಒಕ್ಕಗಳ, ನಾಡುಗಳ ಹೆಸರು ಬರುವುದರಿಂದ ಹಳೆಯ ನೆಲೆಯ ಸುಳಿವು ಸಿಗುತ್ತದೆ. ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’ಯಲ್ಲಿ 1633ರಿಂದ 1807ರವರೆಗಿನ ರಾಜಮನೆತನದ ಕಥೆಯಿದೆ. ಅದು ಅರಸನ ಕಡೆಯ ಮಾತು ಎಂಬುದು ನೆನಪಿರಲಿ. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿ ಪುಸ್ತಕವಾಗಿಯೂ ಜಾಲತಾಣವಾಗಿಯೂ ಕೊಟ್ಟಿದ್ದಾರೆ. ನಿಮ್ಮ ಐನ್‌ಮನೆ ಅದರಲ್ಲಿದೆಯೇ ನೋಡಿ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಇವೆ, ವಿಚಾರಿಸಲು ಹಿಂಜರಿಯಬೇಡಿ.

ಹಂಚಿಹೋದ ಕೊಂಬೆಗಳನ್ನು ಸೇರಿಸಲು ಹಾಕಿಗಿಂತ ಒಳ್ಳೆಯ ನೆಪ ಇಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಶುರುಮಾಡಿದ ಮೇಲೆ, ತಂಡ ಕಟ್ಟಲಿಕ್ಕಾಗಿ ಒಕ್ಕದವರು ಬೆಂಗಳೂರು, ದುಬೈಗಳಲ್ಲಿರುವ ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಹುಡುಕಿ ಕರೆಸುವಂತಾಯಿತು. ಆ ತಂಡದ ಫೋನ್ ನಂಬರುಗಳ ಪಟ್ಟಿ ಯಾರ ಬಳಿ ಇದೆಯೋ ಅವರನ್ನು ಹಿಡಿಯಿರಿ. ಇಂದಿನ ಎರಡು ತಲೆಮಾರು ಒಂದೇ ದಿನದಲ್ಲಿ ತುಂಬಿಹೋದೀತು.

ಖರ್ಚಿನ ಲೆಕ್ಕ ಕೇಳಿದರೆ, ಸರ್ಕಾರಿ ಶುಲ್ಕಗಳೆಲ್ಲ ಸೇರಿದರೂ ಹಗುರವೇ. ಓಡಾಟಕ್ಕೂ ಜೆರಾಕ್ಸಿಗೂ ಹೆಚ್ಚು ಹೋಗುತ್ತದೆ. ದೊಡ್ಡ ಖರ್ಚು ಪುಸ್ತಕ ಅಚ್ಚು ಹಾಕಿಸುವುದು, ಅದನ್ನು ಒಕ್ಕದ ನಿಧಿಯಿಂದ ಮಾಡಿ. ಅಚ್ಚಿಗೆ ಮುಂಚೆ ಕರಡು ಪ್ರತಿಯನ್ನು ಪ್ರತಿ ಕೊಂಬೆಯ ಹಿರಿಯರಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೂ ಕಳಿಸಿ, ತಿದ್ದಿಸಿಕೊಳ್ಳಿ. ಬದುಕಿರುವವರ ಜನ್ಮದಿನಾಂಕ, ಫೋನ್ ನಂಬರ್, ಆಧಾರ್ ವಿವರ ಅಚ್ಚಿನ ಪ್ರತಿಯಲ್ಲಿ ಬೇಡ. ವಾಟ್ಸ್‌ಆ್ಯಪ್ ಗುಂಪುಗಳಲ್ಲಂತೂ ಬೇಡವೇ ಬೇಡ. ಒಂದು ಪ್ರತಿ ಐನ್‌ಮನೆಯಲ್ಲಿ, ಒಂದು ಅರುವರ ಮನೆಯಲ್ಲಿ ಇರಲಿ. ಪ್ರತಿಯೊಂದರ ಕೊನೆಯಲ್ಲೂ ನಾಲ್ಕೈದು ಖಾಲಿ ಹಾಳೆ ಹೊಲಿಸಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಪ್ರತಿ ಪುತ್ತರಿಗೆ ಅದರಲ್ಲಿ ಕೈಯಲ್ಲೇ ಬರೆದರಾಯಿತು.